ಒಂದೇ ಅಳತೆಯ ಎರಡು ಡಬ್ಬಿ

ಕಣ್ಣನ್ನು ಪರದೆಯ ಮೇಲಿಟ್ಟೇ ಸ್ವಿಚ್ಚಪ್ಪ ಕಪ್ಪು ಡಬ್ಬಿಯ ಮುಚ್ಚಳ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ತಳ್ಳಿದರು. ಚಿಪ್ ಇರಬೇಕಾದಲ್ಲಿ ಪರದೆ ತುಂಬ ಬಂಡೆಗಳು ಕಂಡವು. ನಿರ್ದೇಶಕಿ ಕನ್ನಡಕ ಸರಿಮಾಡಿಕೊಂಡರು. ಸ್ವಿಚ್ಚಪ್ಪ ಡಬ್ಬಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡರು.

"ಉಪ್ಪು, ಮೇಡಂ."

"ಹನ್ನೊಂದು ತಿಂಗಳು ಬೀಗ ಹಾಕಿ ಕಾದಿದ್ದು ಉಪ್ಪನ್ನಾ?"

"ಚೆನ್ನಾಗೇ ಕಾದಿದ್ದೀವಿ, ಕೆಟ್ಟಿಲ್ಲ," ಎಂದ ಸಹೋದ್ಯೋಗಿ.

ಸ್ವಿಚ್ಚಪ್ಪ ಎಂಬುದು ವಿಭಾಗದವರಿಟ್ಟ ಹೆಸರು. ಇಪ್ಪತ್ತೆರಡು ವರ್ಷ ಬೆಳಕಿನ ಕೆಲಸವನ್ನೇ ಮಾಡಿ ಬೆಳಕಿಗೆ ಬಾರದ ಮನುಷ್ಯ. ಕೂದಲೆಳೆಯಂಥ ಗಾಜಿನ ತಂತಿಯಲ್ಲಿ ಕಣ್ಣಿಗೆ ಕಾಣದ ಎಂಟು ಬಣ್ಣದ ಬೆಳಕು ಒಟ್ಟಿಗೆ ಓಡುತ್ತವೆ. ಬೇಕಾದ ಒಂದನ್ನಷ್ಟೇ ಪಕ್ಕದ ದಾರಿಗೆ ತಿರುಗಿಸುವ, ಸ್ವಿಚ್ಚಿನಂಥ ಚಿಪ್ ಅವರ ವಿನ್ಯಾಸ. ಅದರ ಮೇಲಿನ ತೆಳು ಪದರಕ್ಕೆ ಕ್ಷಣಮಾತ್ರ ಬಿಸಿ ಮುಟ್ಟಿಸಿದರೆ ಅದು ಹರಳುಗಟ್ಟುತ್ತದೆ. ಆಮೇಲೆ ಕರೆಂಟು ಬೇಡ, ಹಾಗೇ ಇದ್ದುಬಿಡುತ್ತದೆ. ಇರುತ್ತದೆಂದು ಇವತ್ತು ತೋರಿಸದಿದ್ದರೆ ಮೂರು ಜನರ ಈ ವಿಭಾಗ ಮುಚ್ಚುವುದೆಂದು ತೀರ್ಮಾನವಾಗಿತ್ತು.

ಹನ್ನೊಂದು ತಿಂಗಳ ಹಿಂದೆ, ನಾಲ್ಕನೇ ಬಣ್ಣ ತಿರುಗುವಂತೆ ಚಿಪ್ ಸಿದ್ಧಮಾಡಿ ಡಬ್ಬಿಯಲ್ಲಿಟ್ಟ ದಿನ, ಊಟದ ನಡುವೆ ಆಸ್ಪತ್ರೆಯಿಂದ ಫೋನ್ ಬಂತು. ಹೆಂಡತಿ ರಸ್ತೆಯಲ್ಲಿ ಕುಸಿದಿದ್ದಳು. ಮೇಜಿನ ಮೇಲೆ ಎರಡು ಕಪ್ಪು ಡಬ್ಬಿಗಳಿದ್ದವು. ಚಿಪ್ ಬಂದು ಖಾಲಿಯಾದ ಡಬ್ಬಿಗಳನ್ನು ಅವಳು ಎಸೆಯಗೊಡುತ್ತಿರಲಿಲ್ಲ. ಊಟದ ಜೊತೆ ಗಂಡನ ಉಪ್ಪು ಅಂಥದ್ದರಲ್ಲೇ ಬರುತ್ತಿತ್ತು. ಒಂದನ್ನು ಬೀರುವಿಗೆ, ಇನ್ನೊಂದನ್ನು ಊಟದ ಚೀಲಕ್ಕೆ ತುರುಕಿ ಓಡಿದರು. ತಲುಪುವಷ್ಟರಲ್ಲಿ ಮುಗಿದಿತ್ತು.

ಅವರು ಅಳಲಿಲ್ಲ. ನಾಲ್ಕನೇ ದಿನ ಕೆಲಸಕ್ಕೆ ಬಂದರು. ಒಂಬತ್ತಕ್ಕೆ ಬರುವುದು, ಐದಕ್ಕೆ ಹೋಗುವುದು. ಹೇಗಿದ್ದೀರಿ ಎಂದರೆ "ಇದ್ದೀನಿ."

ಈಗ ಮಗಳಿಗೆ ಫೋನ್ ಮಾಡಿದರು.

"ಊಟದ ಚೀಲ ತಗೊಂಡು ಬಾಮ್ಮ."

"ಅಮ್ಮ ಹೋದ ದಿನ ನೇತುಹಾಕಿ ಯಾರೂ ಮುಟ್ಟಬೇಡಿ ಅಂದಿದ್ರಲ್ಲಪ್ಪ, ಅದಾ?"

"ಹೂಂ."

"ಬಿಚ್ಚಿ ನೋಡ್ಲಾ?"

"ಬೇಡ. ಇದ್ದ ಹಾಗೇ ತಾ."

ಅರ್ಧ ಗಂಟೆಗೆ ಮಗಳು ಬಂದಳು. ಅರ್ಧ ಉಂಡ ಊಟದ ಡಬ್ಬಿಯ ಮುಚ್ಚಳವನ್ನು ಅವರು ತೆಗೆಯಲಿಲ್ಲ. ಪಕ್ಕದಲ್ಲಿದ್ದ ಕಪ್ಪು ಡಬ್ಬಿಯನ್ನಷ್ಟೇ ಎತ್ತಿಕೊಂಡು, ಚಿಪ್ ಜೋಡಿಸಿ, ಬೆಳಕು ಹರಿಸಿದರು. ಏಳು ಬಣ್ಣ ನೇರ ಹೋದವು. ನಾಲ್ಕನೆಯದು ಪಕ್ಕಕ್ಕೆ ತಿರುಗಿತು.

ಸಹೋದ್ಯೋಗಿ ಕುರ್ಚಿ ಎಳೆದುಕೊಂಡು ಕೂತ. ನಿರ್ದೇಶಕಿ ಪೆನ್ನು ತೆಗೆದರು. "ವಿಭಾಗ ಉಳೀತು ಬಿಡಿ. ವರದಿಗೆ ಒಂದು ವಿಷಯ ಬೇಕು. ಇಷ್ಟು ದಿನ ಒಂಚೂರೂ ಬದಲಾಗದ ಹಾಗೆ ಕಾಪಾಡಿದ್ದೀರಲ್ಲ, ಏನು ವ್ಯವಸ್ಥೆ ಮಾಡಿದ್ರಿ?"

ಸ್ವಿಚ್ಚಪ್ಪ ಊಟದ ಚೀಲದ ಬಾಯಿ ಕಟ್ಟಿದರು.

"ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ ಇದೆ," ಎಂದರು.