ಫೋನಿಗಾಗಿ ನಿಂತ ಗಿರಣಿ

ಪಕ್ಕದ ಹಿಟ್ಟಿನ ಗಿರಣಿ ಇದ್ದಕ್ಕಿದ್ದಂತೆ ನಿಂತಿತು. ಕರೆಂಟ್ ಹೋಯಿತು, ಇನ್ನು ನನ್ನ ಕೆಲಸವೂ ಹೋಯಿತು ಅಂದುಕೊಂಡೆ. ಆದರೆ ತಲೆಯ ಮೇಲೆ ಫ್ಯಾನ್ ತಿರುಗುತ್ತಲೇ ಇತ್ತು.

ಲಾಕ್‌ಡೌನ್‌ನಲ್ಲಿ ಆಸ್ಪತ್ರೆಯೊಂದರ ಸಹಾಯವಾಣಿಗೆ ಸೇರಿ ಅದು ಮೂರನೇ ದಿನ. ಅಸಂಗಿ ಊರಿನ ನಮ್ಮ ಮನೆಯೇ ಆಫೀಸು. ನೆಟ್‌ವರ್ಕ್ ಸಿಗುವುದು ಗಿರಣಿ ಕಡೆಯ ಕಿಟಕಿಯಲ್ಲಿ ಮಾತ್ರ. ನಾಳೆಯೂ ಇದೇ ಗದ್ದಲವಿದ್ದರೆ ನಿಮಗೆ ಕರೆ ಕೊಡುವುದಿಲ್ಲ ಎಂದು ಹಿಂದಿನ ಸಂಜೆ ನಮ್ಮ ಮೇಲಧಿಕಾರಿ ಫೋನಿನ ಸ್ಪೀಕರ್‌ನಲ್ಲೇ ಎಚ್ಚರಿಸಿದ್ದರು. ನಡೆಯುವ ಗಿರಣಿಯನ್ನು ನಿಲ್ಲಿಸು ಎಂದು ಅದನ್ನು ನಡೆಸುವ ಶಾಂತಕ್ಕನನ್ನು ಕೇಳಲು ನನಗೆ ಬಾಯಿ ಬಂದಿರಲಿಲ್ಲ.

ಆಗ ಸಹಾಯವಾಣಿಗೆ ಕರೆ ಮಾಡಿದ್ದ ಅಜ್ಜನಿಗೆ ಯಾವ ಗುಳಿಗೆ ಯಾವಾಗ ಎಂದು ಮೂರು ಸಲ ನಿಧಾನವಾಗಿ ಹೇಳಿದೆ. ಮುಗಿಸಿ ಕಿಟಕಿಯಿಂದ ನೋಡಿದರೆ, ನಾಲ್ವರು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು, ಜೋಳದ ಡಬ್ಬಿ ಮುಂದಿಟ್ಟುಕೊಂಡು ದೂರದೂರ ಕುಳಿತಿದ್ದರು. ಶಾಂತಕ್ಕ ಬಾಯಿ ಮೇಲೆ ಬೆರಳಿಟ್ಟು ಅವರನ್ನು ಸುಮ್ಮನಿರಿಸಿದ್ದಳು.

“ಮುಗೀತೇನವಾ? ನಿನ್ನಿ ನಿಮ್ಮ ಸಾಹೇಬ್ರು ಅಂದಿದ್ದು ನಂಗೂ ಕೇಳಿಸ್ತು. ನೀ ಮಾತಾಡು. ಮುಗದ ಮ್ಯಾಲ ಕೈ ಎತ್ತು, ಆಗ ಬೀಸ್ತೀನಿ. ಜ್ವಾಳ ಎಲ್ಲೂ ಓಡಿ ಹೋಗಂಗಿಲ್ಲ” ಎಂದಳು.

ಅಂದು ನಾಲ್ಕು ಮನೆಗಳ ರೊಟ್ಟಿ ನನ್ನಿಂದಾಗಿ ತಡವಾಯಿತು. ಯಾರೂ ಮುಖ ಗಂಟಿಕ್ಕಲಿಲ್ಲ. ಮುಂದೆ ಎಂಟು ತಿಂಗಳು ನಮ್ಮ ಓಣಿಯ ಜೋಳ ನನ್ನ ಕೈ ಏಳುವುದನ್ನು ಕಾಯುತ್ತಿತ್ತು.

ಈಗ ಸಾಂಗಲಿಯ ಆಫೀಸಿನಲ್ಲಿ ಕೂರುತ್ತೇನೆ. ಅಲ್ಲಿ ಯಾವ ಸದ್ದೂ ಇಲ್ಲ. ಆದರೂ ಕರೆ ಮುಗಿದಾಗ ನನ್ನ ಕೈ ತಾನಾಗಿಯೇ ಕಿಟಕಿಯ ಕಡೆ ಏಳುತ್ತದೆ.