ಒಣಗಿ ಬಂದ ಟ್ಯೂಬು

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ತೊಳೆಯುವ ಕೋಣೆಯಲ್ಲಿ ಎಲ್ಲರ ಬಾಯಲ್ಲಿ ಬ್ರಷ್ಷಕ್ಕನಾದ ಹೆಂಗಸು ಮೊಣಕೈವರೆಗೆ ಗ್ಲೌಸ್ ಏರಿಸಿ ನಿಂತಿದ್ದಾಳೆ. ಎದುರಿನ ತೊಟ್ಟಿಯಲ್ಲಿ ಕರಿ ಟ್ಯೂಬು. ರೋಗಿಯ ಬಾಯಿಂದ ಇಳಿಸಿ ಪಿತ್ತನಾಳದ ಕಲ್ಲು ತೆಗೆಯುವ ಟ್ಯೂಬು. ಇಡೀ ಆಸ್ಪತ್ರೆಗೆ ಇರುವುದು ಅದೊಂದೇ. ನಿನ್ನೆ ಸಂಜೆ ಬಳಸಿದವರು ಒರೆಸದೆ, ಕೆಳಗೂ ಕಳಿಸದೆ ಮೂಲೆಯಲ್ಲಿ ಬಿಟ್ಟು ಹೋಗಿದ್ದಾರೆ, ಪುಣ್ಯಾತ್ಮರು. ಬೆಳಗಾಗುವಷ್ಟರಲ್ಲಿ ಒಣಗಿ ಕೂತಿದೆ. ಇವತ್ತು ಅದು ಮೊದಲು ಇಳಿಯಬೇಕಾದದ್ದು ಅವಳ ಗಂಡನ ಗಂಟಲಿಗೆ.

"ಜೋರಾಗಿ ನೀರು ಬಿಟ್ಟು ಕೊಟ್ಬಿಡಮ್ಮ" ಎಂದು ಮೇಲ್ವಿಚಾರಕ ಬಾಗಿಲಲ್ಲೇ ಅವಸರ ಮಾಡುತ್ತಾನೆ. ಪಾಪ, ಅವನಿಗೂ ಮೇಲಿನಿಂದ ಫೋನಿನ ಮೇಲೆ ಫೋನು.

ಇವಳು ಜಪ್ಪಯ್ಯ ಅನ್ನುವುದಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಲ್ಯಾಬಿನ ಡಾಕ್ಟರಮ್ಮ ಬ್ಯಾಕ್ಟೀರಿಯಾದ ಚಿತ್ರ ತೋರಿಸಿದ್ದರಂತೆ. ಮೈತುಂಬ ನವಿರಾದ ರೋಮ, ತುದಿಯಲ್ಲಿ ಕೊಕ್ಕೆಯಂಥ ಹಿಡಿತ. "ನೀರಿನ ಸೆಳೆತ ಹೆಚ್ಚಾದಷ್ಟೂ ಕೆಲವು ಇನ್ನೂ ಗಟ್ಟಿ ಹಿಡ್ಕೊಳ್ತವಂತೆ. ಆಮೇಲೆ ಅಂಟು ಹೊದ್ಕೊಂಡು ಸಂಸಾರ ಹೂಡ್ತವೆ. ಒಣಗಿದ್ರಂತೂ ಮುಗೀತು, ಔಷಧಿ ಒಳಗಿಳಿಯೋದೇ ಕಷ್ಟ" ಎನ್ನುತ್ತಾಳೆ. ಅಂಥದೇ ರೋಮದಿಂದ ಅವು ನಮ್ಮ ಕರುಳಿನ, ಮೂತ್ರಕೋಶದ ಗೋಡೆಯನ್ನೂ ಕಚ್ಚಿ ಹಿಡಿಯುತ್ತವೆ. ಎಷ್ಟೋ ಕಾಯಿಲೆ ಶುರುವಾಗುವುದೇ ಹಾಗೆ.

ಹೋದ ಚಳಿಗಾಲದಲ್ಲಿ, ಇವಳು ರಜೆಯಲ್ಲಿದ್ದಾಗ, ಇದೇ ಟ್ಯೂಬಿಗೆ ಬರೀ ನೀರು ಹಾಯಿಸಿ ಕೊಟ್ಟಿದ್ದರು. ಅದನ್ನು ಇಳಿಸಿಕೊಂಡ ಒಬ್ಬ ಅಜ್ಜಿ ಜ್ವರ ಏರಿ ತೀರಿಕೊಂಡರು.

ಅವಳು ನೆನೆಹಾಕುತ್ತಾಳೆ, ಸಣ್ಣ ಬ್ರಷ್ಷು ತೂರಿಸುತ್ತಾಳೆ, ತುದಿಯ ಸಂದಿಯನ್ನು ಉಜ್ಜುತ್ತಾಳೆ, ಮತ್ತೆ ನೆನೆಹಾಕುತ್ತಾಳೆ. ತಡವಾದರೆ ಗಂಡನ ಜೀವಕ್ಕೆ ಕುತ್ತು, ಅವಸರ ಮಾಡಿದರೂ ಕುತ್ತು. ಮಧ್ಯಾಹ್ನ ಟ್ಯೂಬು ಶುಚಿಯಾಯಿತೇ ಎಂದು ಪರೀಕ್ಷೆ ಮಾಡಿದರೆ ಇನ್ನೂ ಕೊಳೆ ಕಾಣುತ್ತದೆ. ಅವಳೇ ಮೇಲಕ್ಕೆ ಫೋನು ಮಾಡಿ ಇವತ್ತು ಬೇಡ ಎನ್ನುತ್ತಾಳೆ.

ವಾರ್ಡಿನಲ್ಲಿ ಗಂಡ ಕಣ್ಣು ಹಳದಿಯಾಗಿ, ಹೊಟ್ಟೆ ಹಿಡಿದು ಮಲಗಿದ್ದಾನೆ. ಟ್ಯೂಬು ಇಳಿಸಬೇಕೆಂದು ಬೆಳಗಿನಿಂದ ತೊಟ್ಟು ನೀರೂ ಕೊಟ್ಟಿಲ್ಲ.

"ಊರವರಿಗೆಲ್ಲ ತೊಳೆದು ಕೊಡ್ತೀಯ, ನಂಗೇ ಅಡ್ಡಗಾಲು ಹಾಕಿದ್ಯಲ್ಲೇ" ಎಂದು ನಗಲು ಹೋಗಿ ನರಳುತ್ತಾನೆ.

ಅವಳು ಅವನ ಕಾಲೊತ್ತುತ್ತಾಳೆ. ಅವನಿಗೆ ಜೊಂಪು ಹತ್ತಿದ ಮೇಲೆ ತನ್ನಷ್ಟಕ್ಕೇ ಮೆಲ್ಲಗೆ ಮಾತಾಡುತ್ತಾಳೆ. "ಎಷ್ಟೋ ಸಲ ಹೀಗೆ ಟ್ಯೂಬು ತಡೆದಿದ್ದೀನಿ. ಮೇಲೆ ಒಬ್ಬಳು ಹೀಗೆ ಕಾಲೊತ್ತುತ್ತಾ ಕೂತಿರ್ತಾಳೆ ಅನ್ನೋದು ಇವತ್ತೇ ತಲೆಗೆ ಹೋಗಿದ್ದು."

ನಾಳೆಯೂ ಕೊಳೆ ಕಂಡರೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾಳೆ.

ಅವಳು ಗಂಡನ ಮುಖ ನೋಡುತ್ತಾಳೆ. "ನಾಳೆನೂ ತಡೀತೀನಿ."