ಗಾಳಿ ನಿಂತ ಸಂಜೆ ಧರ್ಮಪ್ಪ ಕಂಡದ್ದು

ಜಗಳೂರಿನ ಆಸುಪಾಸಿನಲ್ಲಿ ಕರೆಂಟ್ ಹೋದರೆ ಜನ ಮೊದಲು ಬೈಯುತ್ತಿದ್ದದ್ದು ಲೈನ್‌ಮನ್ ಧರ್ಮಪ್ಪನನ್ನು. ಮೇಲಿನಿಂದ ಫೋನ್ ಬಂದರೆ ಲೈನ್ ಆಫ್ ಮಾಡುವುದಷ್ಟೇ ಅವನ ಕೆಲಸ. ಬೈಗುಳ ಮಾತ್ರ ಪೂರ್ತಿ ಅವನ ಪಾಲಿಗೆ. ಒಮ್ಮೆ ಗಿರಣಿಯ ಹುಡುಗಿಯೊಬ್ಬಳು ಅರ್ಧ ಬೀಸಿದ ಮೆಣಸಿನಕಾಯಿಯ ಬುಟ್ಟಿ ಹೊತ್ತು, ಕಣ್ಣು ಮೂಗು ಸುರಿಸುತ್ತ ಕರೆಂಟ್ ಸ್ಟೇಷನ್ನಿಗೇ ನುಗ್ಗಿದಳು.

"ಏನ್ರೀ, ಉಳಿದಿದ್ದನ್ನ ನೀವೇ ಕುಟ್ಟಿಕೊಡ್ರಿ!"

ಧರ್ಮಪ್ಪ ಬುಟ್ಟಿ ಇಸಕೊಂಡು ನಿಜಕ್ಕೂ ಒರಳು ಹುಡುಕಲು ಹೊರಟ. ಮಾರನೇ ವರ್ಷ ಆ ಹುಡುಗಿ, ಉಡಚಮ್ಮನನ್ನೇ ಮದುವೆಯಾದ.

ಅವನು ನಿವೃತ್ತನಾಗುವ ಹೊತ್ತಿಗೆ ಗುಡ್ಡದ ಮೇಲೆ ಗಾಳಿಯಂತ್ರಗಳು, ಬಯಲಿನಲ್ಲಿ ಸೋಲಾರ್ ಹಲಗೆಗಳು ಬಂದಿದ್ದವು. ಧರ್ಮಪ್ಪನಿಗೆ ಅವುಗಳ ಮೇಲೆ ನಂಬಿಕೆ ಸಾಲದು. ಮಧ್ಯಾಹ್ನ ಬೇಡವೆಂದರೂ ಕರೆಂಟು; ಊರು ದೀಪ ಹಚ್ಚುವ ಹೊತ್ತಿಗೆ ಬಿಸಿಲಿಲ್ಲ, ಕೆಲವು ದಿನ ಗಾಳಿಯೂ ಇಲ್ಲ. ಮಗಳು ಜ್ಯೋತಿಲಕ್ಷ್ಮಿ ಡಿಪ್ಲೊಮಾ ಮುಗಿಸಿ, ಸೋಲಾರ್ ಬಯಲಿನ ಪಕ್ಕದ ಹೊಸ ಬ್ಯಾಟರಿ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಾಗ ನಕ್ಕುಬಿಟ್ಟ.

"ಕರೆಂಟ್ ಕೂಡಿಡಾಕೆ ಅದೇನು ಜೋಳನೇನವ್ವ?"

"ಬಂದು ನೋಡಪ್ಪ. ಆಮೇಲೆ ನಗುವಂತೆ."

ಒಂದು ಸಂಜೆ ಅನುಮತಿ ಪಡೆದು ಅಪ್ಪನನ್ನು ಕರೆದೊಯ್ದಳು. ಲಾರಿ ಮೇಲಿನ ಕಂಟೇನರುಗಳಂಥ ಬಿಳಿ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಧರ್ಮಪ್ಪ ಒಂದಕ್ಕೆ ಕಿವಿಯಾನಿಸಿದ. ಒಳಗೆ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ.

"ಹಗಲು ಹೆಚ್ಚಾಗಿದ್ದು ಇದ್ರಾಗೆ ಕೂತೈತೆ," ಎಂದಳು ಮಗಳು.

ಕಂಟ್ರೋಲ್ ರೂಮಿನಲ್ಲಿ ಅವಳು ಪರದೆಯ ಮೇಲೆ ಕರೆಂಟಿನ ಫ್ರೀಕ್ವೆನ್ಸಿಯ ಅಂಕಿ ತೋರಿಸಿದಳು. ಅದು ಐವತ್ತರ ಹತ್ತಿರವೇ ಇರಬೇಕು. ಬೇಡಿಕೆಗೆ ತಕ್ಕಷ್ಟು ಕರೆಂಟ್ ಇಲ್ಲದಿದ್ದರೆ ಕೆಳಗಿಳಿಯುತ್ತದೆ. ಧರ್ಮಪ್ಪನಿಗೆ ಆ ಅಂಕಿ ಹಳೆಯ ಪರಿಚಯ. ಅದು ಇಳಿದಾಗಲೆಲ್ಲ ಅವನಿಗೆ ಫೋನ್ ಬರುತ್ತಿತ್ತು.

ಮಾತಾಡುತ್ತಿದ್ದಂತೆ ಹೊರಗೆ ಗಾಳಿ ಸಟ್ಟನೆ ನಿಂತಿತು. ಅದೇ ಹೊತ್ತಿಗೆ ದೂರದ ಯಾವುದೋ ದೊಡ್ಡ ಲೈನ್ ಟ್ರಿಪ್ ಆಯಿತು. ಅಂಕಿ ಜಾರತೊಡಗಿತು. ಧರ್ಮಪ್ಪ ಕುರ್ಚಿಯಿಂದ ಎದ್ದೇಬಿಟ್ಟ.

"ಯವ್ವಾ, ಲೈನ್ ಆಫ್ ಮಾಡಾಕೆ ಹೇಳು! ಬೇಗ!"

"ಕೂತ್ಕೊಳಪ್ಪ, ಪೆಟ್ಟಿಗೆಗಳು ಆಗ್ಲೇ ಕೊಡಾಕತ್ತವೆ," ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ.

ಬಿದ್ದ ಅಂಕಿ ತಡೆದು ನಿಂತಿತು, ಆಮೇಲೆ ಮೆಲ್ಲಗೆ ಮೇಲೇರಿತು. ಯಾರೂ ಯಾವ ಊರನ್ನೂ ಕತ್ತಲಿಗೆ ತಳ್ಳಲಿಲ್ಲ. ಧರ್ಮಪ್ಪ ಸಮಾಧಾನವಾಗದೆ ಆಚೆ ಬಂದು, ಗಿರಣಿಯಲ್ಲಿದ್ದ ಹೆಂಡತಿಗೆ ಫೋನ್ ಹಚ್ಚಿದ.

"ಗಿರಣಿ ನಿಂತೈತೇನು?"

"ಯಾಕೆ ನಿಲ್ಲುತ್ತೆ? ಜನ ಕಾಯ್ತಾ ಅವ್ರೆ, ಫೋನ್ ಇಡ್ರಿ!"

ಫೋನ್ ಇಟ್ಟ ಮೇಲೂ ಅವನು ಅಲ್ಲೇ ನಿಂತಿದ್ದ. ಎಷ್ಟೋ ಸಂಜೆ ತನ್ನ ಕೈಯಾರೆ ಆರಿಸಿದ ದೀಪಗಳು ದೂರದ ಹಳ್ಳಿಗಳಲ್ಲಿ ಉರಿಯುತ್ತಿದ್ದವು. ಅಂದು ನಕ್ಕಿದ್ದು ನೆನಪಾಗಿ, ಮಗಳ ಎದುರು ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ, ಗೇಟಿನಾಚೆಯ ಅಂಗಡಿಗೆ ನಡೆದು ಎಲ್ಲರಿಗಾಗುವಷ್ಟು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿದ. ತಿಂಡಿ ಒಳಗೆ ಬಿಡುವುದಿಲ್ಲವೆಂದು ಕಾವಲಿನ ಪಾಪಣ್ಣ ಹೇಳಿದ್ದರಿಂದ, ಪಾಳಿ ಮುಗಿದವರೆಲ್ಲ ಗೇಟಿನ ಬಳಿಯೇ ನಿಂತು ತಿಂದರು. ಪಾಪಣ್ಣನಿಗೂ ಒಂದು ಪೊಟ್ಟಣ ಸಿಕ್ಕಿತು. ಧರ್ಮಪ್ಪ ಎಲ್ಲರಿಗೂ ಒಬ್ಬೊಬ್ಬರಾಗಿ ಹೇಳುತ್ತಿದ್ದ, "ನಮ್ಮ ಹುಡುಗಿ ಕಣ್ರೀ."